ಅಟ್ಟಕ್ಕೇರಿದ್ದು, ಅಟ್ಟ ಸೇರಿದ್ದು

ದೀಪಾವಳಿ ಕಳೆದು, ಇನ್ನು ಮಳೆ ಬರಲಿಕ್ಕಿಲ್ಲ ಎಂಬ ಧೈರ್ಯ ಬಂದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ಮನೆಗಳ ಅಂಗಳದಲ್ಲಿ ಹಾರೆಯ ಸದ್ದು ಕೇಳತೊಡಗುತ್ತದೆ. ಗುಂಡಿಗಳು ಹೋದ ವರ್ಷದವೇ. ಮಳೆಗಾಲದಲ್ಲಿ ಮಣ್ಣು ತುಂಬಿಕೊಂಡಿರುತ್ತವೆ, ಬಿಡಿಸಿಕೊಂಡರಾಯಿತು. ಅವುಗಳಲ್ಲಿ ಕಂಬ ನೆಡುತ್ತಾರೆ. ಕಂಬದ ಮೇಲೆ ಅಡ್ಡಗಳ, ಗಳದ ಮೇಲೆ ಅಡಿಕೆ ಮರ ಸೀಳಿದ ದಬ್ಬೆಯ ಸಾಲು, ಅದರ ಮೇಲೆ ತಟ್ಟಿ. ಎತ್ತರದ ಆಳೂ ತಲೆ ಬಗ್ಗಿಸದೆ ಅಡಿಯಲ್ಲಿ ಓಡಾಡಬಹುದು. ಒಂದು ಮೂಲೆಗೆ ಏಣಿ. ಮೊಳೆ ಹೊಡೆಯುವುದು ಕಡಿಮೆ, ಹೆಚ್ಚಿನದೆಲ್ಲ ಹಗ್ಗದ ಕಟ್ಟು. ಯಾಕೆಂದರೆ ಬೇಸಿಗೆ ಮುಗಿಯುವಷ್ಟರಲ್ಲಿ ಇಷ್ಟನ್ನೂ ಬಿಚ್ಚಿ ಕೊಟ್ಟಿಗೆಯ ಸೂರಿನಡಿ ಒಟ್ಟಬೇಕು. ವರ್ಷಕ್ಕೊಮ್ಮೆ ಎದ್ದು ವರ್ಷಕ್ಕೊಮ್ಮೆ ಮಲಗುವ ಈ ಕಟ್ಟಡಕ್ಕೆ ಊರಿನಲ್ಲಿರುವ ಹೆಸರು ಅಟ್ಟ.

ಮನೆಯೊಳಗೂ ಅಟ್ಟವಿದೆ. ಅಡುಗೆಮನೆಯ ಒಲೆಯ ನೆತ್ತಿಗೆ ಒಂದು, ಬಚ್ಚಲ ಒಲೆಯ ಮೇಲೆ ಒಂದು, ಕೊಟ್ಟಿಗೆಗೆ ಒಂದು. ಹೀಗೆ ನೆಲದಿಂದ ಒಂದು ಏಣಿಯಷ್ಟು ಮೇಲೆ ಇರುವುದೆಲ್ಲ ಅಟ್ಟವೇ. ಈ ಮೂರು ತಾಲ್ಲೂಕುಗಳಲ್ಲಿ ಹುಟ್ಟಿದ ಮಗು ಎತ್ತರದ ಕಟ್ಟೋಣಕ್ಕೆಂದು ಮೊದಲು ಕಲಿಯುವ ಪದ ಗೋಪುರವೂ ಅಲ್ಲ, ಮಹಡಿಯೂ ಅಲ್ಲ. “ಅಪ್ಪೀ, ಅಟ್ಟ ಹತ್ತಿ ಆ ಭರಣಿ ತಗಂಬಾ” ಎಂದು ಅಮ್ಮ ಕೂಗುತ್ತಾಳೆ, ಮಗು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುತ್ತದೆ.

ಈ ಅಟ್ಟದ ವಂಶಾವಳಿ ಕೇಳಿದರೆ ಮಾತ್ರ ಭರಣಿ ಕೆಳಗಿಟ್ಟು ಕೂರಬೇಕಾಗುತ್ತದೆ. ಅಮರಕೋಶದ ಪುರವರ್ಗದಲ್ಲಿ ಅಟ್ಟ ಇದೆ, ಕ್ಷೌಮ ಎಂಬ ಪದದ ಜೋಡಿಯಾಗಿ. ಅಲ್ಲಿ ಅದು ಉಪ್ಪಿನಕಾಯಿ ಇಡುವ ಜಾಗವಲ್ಲ, ಪಟ್ಟಣದ ಎತ್ತರದ ಕಟ್ಟೋಣ. ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗವಿಧಾನದಲ್ಲಿ ಅದೇ ಪದ ಅಟ್ಟಾಲಕವಾಗಿ ನಿಂತಿದೆ. ಕೋಟೆಗೋಡೆಯ ಮೇಲಿನ ಕಾವಲು ಬುರುಜು ಅದು. ಬುಡ ಚಚ್ಚೌಕವಾಗಿರಬೇಕು, ಹತ್ತಿ ಇಳಿಯಲು ಮೆಟ್ಟಿಲಿರಬೇಕು, ಒಂದು ಅಟ್ಟಾಲಕಕ್ಕೂ ಇನ್ನೊಂದಕ್ಕೂ 30 ದಂಡ ಅಂತರವಿರಬೇಕು ಎಂದು ಲೆಕ್ಕ ಕೊಟ್ಟಿದ್ದಾನೆ. ಈಗಿನ ಅಳತೆಯಲ್ಲಿ ಅದು ಹೆಚ್ಚುಕಡಿಮೆ 50 ಮೀಟರ್. ಹಿಂದಿಯವರ ಅಟಾರಿ ಇದೇ ಮನೆತನದ್ದು. ಬಂಗಾಳಿಯಲ್ಲಿ ಅಟ್ಟಾಲಿಕಾ ಎಂದರೆ ಇವತ್ತಿಗೂ ಭಾರೀ ಕಟ್ಟಡ, ಸಿರಿವಂತರ ಸೌಧ. ಕೋಲ್ಕತ್ತದಲ್ಲಿ ಅಟ್ಟಾಲಿಕಾ ಇದೆ ಎಂದರೆ ಆಸ್ತಿವಂತ. ಹೊಸನಗರದಲ್ಲಿ ಅಟ್ಟ ಇದೆ ಎಂದರೆ ಅದರಲ್ಲೇನು ವಿಶೇಷ ಎಂದು ಕೇಳುತ್ತಾರೆ.

ಹಳೆಯ ಕನ್ನಡ ಕವಿಗಳಿಗೆ ಈ ರಾಜವೈಭವ ಗೊತ್ತಿತ್ತು. ಕೋಟೆಯನ್ನು ಬಣ್ಣಿಸುವಾಗ ಕೊತ್ತಳ, ತೆನೆಗಳ ಜೊತೆಗೆ ಅಟ್ಟಳೆಯೂ ಬರುತ್ತದೆ. ಬೇಟೆಗಾರರು ಮರಕ್ಕೆ ಕಟ್ಟಿಕೊಳ್ಳುವ ಅಟ್ಟಣಿಗೆ, ಗಾರೆಯವರು ಗೋಡೆ ಕಟ್ಟುವಾಗ ನಿಲ್ಲುವ ಅಟ್ಟಣಿಗೆ, ಅಟ್ಟಣೆ, ಎಲ್ಲ ಒಂದೇ ಬಳ್ಳಿಯ ಕಾಯಿ. ತುಳುವಿನಲ್ಲೂ ಅಟ್ಟ, ಮಲೆಯಾಳದಲ್ಲೂ ಅಟ್ಟಂ. ಹಾಗಾದರೆ ಪದ ಸಂಸ್ಕೃತದಿಂದ ನಮಗೆ ಬಂತೋ, ನಮ್ಮಿಂದ ಅಲ್ಲಿಗೆ ಹೋಯಿತೋ? ಭಾಷಾಶಾಸ್ತ್ರಜ್ಞರು ಎರಡೂ ಕಡೆ ನಿಂತು ವಾದಿಸಿದ್ದಾರೆ. ಒತ್ತಿ ಕೂತ ಆ ಟಕಾರದ ಬಿಗಿ ನೋಡಿದರೆ ದಕ್ಷಿಣದ ಸರಕು ಅನಿಸುತ್ತದೆ. ಆದರೆ ಪ್ರಾಕೃತದಲ್ಲೂ ಇಂಥ ಬಿಗಿ ಬೇಕಾದಷ್ಟಿದೆ, ಅದೊಂದನ್ನೇ ಹಿಡಿದು ಪಟ್ಟು ಹಾಕಲಾಗದು. ನನ್ನ ಮನಸ್ಸು ದಕ್ಷಿಣದ ಕಡೆಗೇ ವಾಲುತ್ತದೆ. ಪದವೊಂದು ಯಾವ ಊರಿನಲ್ಲಿ ಹೆಚ್ಚು ದುಡಿಯುತ್ತಿದೆಯೋ ಆ ಊರಿನವರಿಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವಿದ್ದರೆ ತಪ್ಪೇನು!

ಇಂಗ್ಲಿಷಿನ ಆಟಿಕ್ ಕೂಡ ಇದರ ನೆಂಟ ಎಂದು ಎದೆ ತಟ್ಟಿ ಹೇಳುವವರಿದ್ದಾರೆ. ಅರ್ಥವೂ ಒಂದೇ, ಸದ್ದೂ ಹತ್ತಿರ, ಇನ್ನೇನು ಬೇಕು? ಆದರೆ ಆ ಪದದ ಬೇರು ಗ್ರೀಸಿನಲ್ಲಿದೆ. ಅಥೆನ್ಸ್ ಇರುವ ಸೀಮೆ ಆಟಿಕಾ. ಕಟ್ಟಡದ ಮುಂಭಾಗದ ಮೇಲ್ತುದಿಯಲ್ಲಿ ಆ ಸೀಮೆಯ ಶೈಲಿಯ ಕುಳ್ಳ ಕಂಬಗಳ ಅಲಂಕಾರ ಕೂರಿಸುತ್ತಿದ್ದರು. ಅದರ ಹಿಂದಿನ ಕೋಣೆಗೂ ಕ್ರಮೇಣ ಅದೇ ಹೆಸರಾಯಿತು. ನಮ್ಮ ಅಟ್ಟಕ್ಕೂ ಅದಕ್ಕೂ ಹೆಣ್ಣು ಕೊಟ್ಟು ತಂದ ಸಂಬಂಧವಿಲ್ಲ.

ನಿಜವಾದ ನೆಂಟನೊಬ್ಬ ಬೇರೆ ಕಡೆ ಇದ್ದಾನೆ, ನಮಗೆ ಗುರುತು ಸಿಗುವುದಿಲ್ಲ. ಚಳಿಗಾಲದ ರಾತ್ರಿ ಬಯಲಾಟದಲ್ಲಿ ಬಣ್ಣದ ವೇಷ ರಂಗಸ್ಥಳಕ್ಕೆ ಬಂದು ಮಾಡುತ್ತದಲ್ಲ ಅಟ್ಟಹಾಸ, ಅದರ ಮೊದಲರ್ಧ. ಅಟ್ಟ ಎಂದರೆ ಸಂಸ್ಕೃತದಲ್ಲಿ ಎತ್ತರದ್ದು, ಜೋರಾದದ್ದು. ಅಟ್ಟಹಾಸ ಎಂದರೆ ಎತ್ತರದ ನಗು. ಇನ್ನು ‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯ ಅಟ್ಟ ಇವರಾರೂ ಅಲ್ಲ. ಅದು ಅಡು ಧಾತುವಿನದು, ಅಡುಗೆಯಾದ ಮೇಲೆ ಎಂದರ್ಥ. ಒಲೆಯ ಮೇಲೇ ಅಟ್ಟವಿರುವ ನಮ್ಮ ಮನೆಗಳ ಮಕ್ಕಳು ಈ ಗಾದೆಯನ್ನು ಬೇರೆಯೇ ರೀತಿ ಅರ್ಥ ಮಾಡಿಕೊಂಡು ದೊಡ್ಡವರಾಗುತ್ತಾರೆ. ಅಟ್ಟದ ಮೇಲೆಯೇ ಯಾರೋ ಒಲೆ ಹಚ್ಚಿದರು, ಮನೆ ಸುಟ್ಟಿತು, ಆಮೇಲೆ ಬುದ್ಧಿ ಬಂತು ಎಂದು. ವ್ಯಾಕರಣಕ್ಕಿಂತ ಇದೇ ಹೆಚ್ಚು ಚೆನ್ನಾಗಿದೆ.

ಕೋಟೆಯ ಅಟ್ಟಾಲಕ ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟವಾಗಿಯೇ ಉಳಿದದ್ದಕ್ಕೆ ಮಳೆಯೇ ಮುಖ್ಯ ಕಾರಣ ಎನ್ನಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ಮಾಸ್ತಿಕಟ್ಟೆಯವರು ನಾವೇನು ಕಡಿಮೆಯೇ ಎಂದು ಪ್ರತಿವರ್ಷ ಪತ್ರಿಕೆಯ ಮಳೆ ಪಟ್ಟಿಯಲ್ಲಿ ಪೈಪೋಟಿಗೆ ನಿಲ್ಲುತ್ತಾರೆ. ಇಂಥ ಕಡೆ ಗೋಡೆ ಎತ್ತರವಾದಷ್ಟೂ ಇರಿಚಲು ಹೆಚ್ಚು ಬಡಿಯುತ್ತದೆ. ಆದ್ದರಿಂದ ಮಾಡನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿಸಿದರು. ಜಗಲಿಗೆ ಹತ್ತುವವರು ತಲೆ ಬಗ್ಗಿಸಲೇಬೇಕು. ಹಿಂದೆ ಸೋಗೆ ಹೊದಿಕೆ, ಆಮೇಲೆ ಮಂಗಳೂರು ಹಂಚು. ಎರಡಕ್ಕೂ ಇಳಿಜಾರು ಕಡಿದಾಗಿರಬೇಕು, ನೀರು ನಿಲ್ಲಬಾರದು. ಕಡಿದಾದ ಮಾಡಿನೊಳಗೆ ನಡುವೆ ತಾನಾಗಿ ಒಂದು ಮುಕ್ಕೋನದ ಜಾಗ ಉಳಿಯುತ್ತದೆ. ಅಲ್ಲಿಗೆ ತೊಲೆ ಹಾಸಿ, ಹಲಗೆ ಕೂರಿಸಿದರೆ ಅಟ್ಟ ತಯಾರು. ಹೊರಗಿನಿಂದ ನೋಡಿದರೆ ಮನೆಗೆ ಎತ್ತರವೇ ಇಲ್ಲ. ಎತ್ತರವೆಲ್ಲ ಒಳಗೇ ಅಡಗಿದೆ.

ಒಲೆಯ ಹೊಗೆ ಅಲ್ಲಿಗೇ ಏರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ನೀರಾಗುವ, ಚಪ್ಪಲಿಗೆ ಬೂಸ್ಟು ಹಿಡಿಯುವ ಕಾಲದಲ್ಲಿ ಇಡೀ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ. ಬಿತ್ತನೆಯ ಸೌತೆ ಬೀಜ, ಮುರುಗಲ ಸಿಪ್ಪೆ, ವಾಟೆಹುಳಿ, ಮೀನು ತಿನ್ನುವವರ ಮನೆಯಲ್ಲಿ ಒಣಮೀನು, ಹಗ್ಗ, ಬುಟ್ಟಿ, ಎಲ್ಲವೂ ಅಲ್ಲಿ ಹೊಗೆ ಕುಡಿದು ಕಪ್ಪಾಗಿ, ಕೆಡದೆ ಉಳಿಯುತ್ತವೆ. ತಾಳೆಗರಿಯ ಕಟ್ಟುಗಳೂ ಹಾಗೆಯೇ ಉಳಿದವು. ಹೊಗೆಗೆ ಹುಳ ಬರುವುದಿಲ್ಲ. ಸಾಗರಕ್ಕೆ ಹತ್ತಿರದ ಕೆಳದಿಯಲ್ಲಿ ಇತಿಹಾಸಕಾರ ಗುಂಡಾ ಜೋಯಿಸರು ಕೂಡಿಸಿಟ್ಟ ತಾಳೆಗರಿ, ಕಡತಗಳ ರಾಶಿಯನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕೆಳದಿ ಅರಸರ ಚರಿತ್ರೆಯನ್ನು ಹುಡುಕಿದವರಿಗೆ ಅರಮನೆಗಳ ಕಲ್ಲಿನಷ್ಟೇ ಇಂಥ ಮನೆಗಳ ಕಡತವೂ ಬೇಕಾಯಿತು. ಕನ್ನಡದಲ್ಲಿ ‘ಕಡತ ಅಟ್ಟ ಸೇರಿತು’ ಎಂದರೆ ಮರೆತುಹೋಯಿತು ಎಂದರ್ಥ. ಮಲೆನಾಡಿನಲ್ಲಿ ಕಡತ ಬದುಕಿದ್ದೇ ಅಟ್ಟ ಸೇರಿದ್ದರಿಂದ.

ಅದೇ ಕನ್ನಡದಲ್ಲಿ ‘ಹೊಗಳಿ ಅಟ್ಟಕ್ಕೇರಿಸು’ ಎಂಬ ಮಾತೂ ಇದೆ. ‘ಅಟ್ಟ ಹತ್ತಿಸಿ ಏಣಿ ತೆಗೆದರು’ ಎಂಬುದು ಅದರ ಮುಂದಿನ ಅಧ್ಯಾಯ. ‘ಅಟ್ಟದಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದರು’ ಎಂಬುದು ಉಪಸಂಹಾರ. ರಾಜಕಾರಣಿಯೊಬ್ಬನ ಜೀವನಚರಿತ್ರೆಗೆ ಈ ಮೂರೇ ಸಾಕು.

ಮನೆ ಸ್ವಲ್ಪ ಅನುಕೂಲಸ್ಥರದಾದರೆ ಅಟ್ಟದ ಬದಲು ಅಲ್ಲಿ ಮನುಷ್ಯರು ಮಲಗುವ ಕೋಣೆಯೇ ಬರುತ್ತದೆ. ಆಗ ಹೆಸರು ಬದಲಾಗುತ್ತದೆ. ಸಾಗರ ಕಡೆಯ ಹವ್ಯಕರ ಮನೆಯಲ್ಲಿ ಅದು ಮೆತ್ತು. “ಭಾವ ಮೆತ್ತಿನ ಮೇಲಿದ್ದ” ಎಂದರೆ ಊಟವಾಗಿ ಒಂದು ನಿದ್ದೆ ತೆಗೆಯಲು ಹೋಗಿದ್ದಾನೆ ಎಂದು ತಿಳಿಯಬೇಕು. ತೀರ್ಥಹಳ್ಳಿ ಕಡೆಯ ಗೌಡರ ಮನೆಗಳಲ್ಲಿ ಅದು ಉಪ್ಪರಿಗೆ. ಉಪ್ಪರ ಎಂದರೆ ಎತ್ತರ. ಜನಪದರ ಕಥೆಯಲ್ಲಿ ರಾಜಕುಮಾರಿ ಸದಾ ಏಳು ನೆಲೆಯ ಉಪ್ಪರಿಗೆಯಲ್ಲೇ ಇರುತ್ತಾಳೆ. ಕುಪ್ಪಳಿಯ ಕವಿಮನೆಗೆ ಇರುವುದು ಮೂರೇ ನೆಲೆ, ಆದರೆ ಮಲೆನಾಡಿನ ಕಣ್ಣಿಗೆ ಅದೇ ಭರ್ಜರಿ. ಕುವೆಂಪು ಪ್ರತಿಷ್ಠಾನ ಕಾಪಾಡಿಕೊಂಡು ಬಂದಿರುವ ಆ ತೊಟ್ಟಿಮನೆಗೆ ಹೋದವರು ಮರದ ಕಂಬಗಳ ಕೆತ್ತನೆ ನೋಡಿ ಫೋಟೊ ತೆಗೆದು ಬರುತ್ತಾರೆ. ಅವರು ನೋಡಬೇಕಾದದ್ದು ಮೆಟ್ಟಿಲನ್ನು. ಕಡಿದಾದ, ಕಿರಿದಾದ ಮರದ ಮೆಟ್ಟಿಲು, ಏಣಿಗಿಂತ ಒಂದು ಕೈ ವಾಸಿ. ಎತ್ತರದ ಮನೆ ಕಟ್ಟಿದ ಮೇಲೂ ಮಲೆನಾಡಿಗರಿಗೆ ಮೇಲೆ ಹೋಗುವುದೆಂದರೆ ಏಣಿ ಹತ್ತುವ ಕೆಲಸವೇ ಆಗಿತ್ತು. ಮೆರವಣಿಗೆಯಲ್ಲಿ ಹತ್ತುವ ಅಗಲದ ಮೆಟ್ಟಿಲು ಕಟ್ಟಬೇಕೆಂದು ಅವರಿಗೆ ಹೊಳೆಯಲಿಲ್ಲ.

ಗದ್ದೆಯ ಎತ್ತರ ಇನ್ನೊಂದು ಬಗೆ. ಅದರ ಹೆಸರು ಮಾಳ. ಭತ್ತ ಹೊಡೆ ತುಂಬುವ ಹೊತ್ತಿಗೆ ಕಾಡಂಚಿನ ಗದ್ದೆಗೆ ಹಂದಿ ಇಳಿಯುತ್ತದೆ. ಹಿಂಡಿಗೆ ಒಂದು ರಾತ್ರಿ ಸಾಕು, ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯಲ್ಲಿ ಉತ್ತ ಗುರುತು. ಅದಕ್ಕೇ ನಾಲ್ಕು ಕಂಬ ನೆಟ್ಟು, ಮೇಲೆ ದಬ್ಬೆ ಹಾಸಿ, ಸೋಗೆ ಹೊದೆಸಿ ಒಬ್ಬರು ಮಲಗುವಷ್ಟು ಗೂಡು ಕಟ್ಟುತ್ತಾರೆ. ಕೆಳಗೆ ಒಂದು ಕುಂಟೆ ಹೊಗೆಯಾಡುತ್ತಿರುತ್ತದೆ, ಸೊಳ್ಳೆಗೂ ಹಂದಿಗೂ ಒಂದೇ ಮದ್ದು. ಕಂಬಳಿ, ಬ್ಯಾಟರಿ, ಡಬ್ಬ ಬಡಿಯಲು ಒಂದು ಕೋಲು, ಎಲೆಯಡಿಕೆ ಚೀಲ. ಅರ್ಧ ಗಂಟೆಗೊಮ್ಮೆ ಒಂದು ಕೂಗು. ಆಚೆ ಗದ್ದೆಯ ಮಾಳದವನು ಮರುಕೂಗು ಹಾಕುತ್ತಾನೆ. ಅವನು ಹಾಕದಿದ್ದರೆ ನಿದ್ದೆ ಹೋಗಿದ್ದಾನೆ ಎಂದರ್ಥ, ಇವತ್ತು ಹಂದಿ ಅವನ ಗದ್ದೆಗೇ ಹೋಗುತ್ತದೆ ಎಂಬ ಸಮಾಧಾನ ಇವನಿಗೆ. ಹಿಂದೆ ಮಾಳ ಕಾಯುತ್ತಿದ್ದವನು ಬಹುತೇಕ ಗೇಣಿದಾರ, ಆಳು, ಇಲ್ಲವೇ ಮನೆಯ ಕಿರಿಯ. ಒಡೆಯ ಉಪ್ಪರಿಗೆಯಲ್ಲಿ, ಆಳು ಮಾಳದಲ್ಲಿ. ಇಬ್ಬರೂ ಎತ್ತರದಲ್ಲೇ ಮಲಗಿದ್ದಾರೆ ಎಂದು ಲೆಕ್ಕ ಬರೆದರೆ ಅದಕ್ಕಿಂತ ದೊಡ್ಡ ಸುಳ್ಳಿಲ್ಲ.

ಮಾಳಿಗೆ ಎಂಬ ಪದ ಈ ಮಾಳದ ಪಕ್ಕದಲ್ಲೇ ಕೂತಂತೆ ಕಾಣುತ್ತದೆ. ತಮಿಳಿನಲ್ಲಿ ಮಾಳಿಗೈ ಎಂದರೆ ಅರಮನೆ. ಬಯಲುಸೀಮೆಯಲ್ಲಿ ಮಾಳಿಗೆ ಮನೆ ಎಂದರೆ ಮೇಲ್ಮುದ್ದೆ ಹಾಕಿದ ಸಮತಟ್ಟು ಸೂರಿನದು, ಬೇಸಿಗೆಯ ರಾತ್ರಿ ಅಲ್ಲೇ ಮಲಗುತ್ತಾರೆ. ಹಾಗೆ ಸಮತಟ್ಟಾಗಿ ಕಟ್ಟಿದ ಮನೆಯನ್ನು ಆಗುಂಬೆಯಲ್ಲಿ ಒಂದು ಮಳೆಗಾಲ ಬಿಟ್ಟು ನೋಡಿದರೆ ಗೊತ್ತಾಗುತ್ತದೆ, ಪದ ಯಾಕೆ ಘಟ್ಟ ಹತ್ತಲಿಲ್ಲ ಎಂದು.

ಊರಿಗೂ ಒಂದು ಕಾಲಕ್ಕೆ ದೊಡ್ಡ ಎತ್ತರ ಬಂದಿತ್ತು. ಕೆಳದಿ, ಇಕ್ಕೇರಿಗಳಿಂದ ಹೊರಟ ನಾಯಕರು ವೀರಭದ್ರ ನಾಯಕನ ಕಾಲಕ್ಕೆ ಬಿದನೂರಿಗೆ ಬಂದರು. ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿ ಅದನ್ನು ಕರಾವಳಿಯ ವ್ಯಾಪಾರಕ್ಕೆ ಬಾಗಿಲನ್ನಾಗಿ ಮಾಡಿದ. ಕರಿಮೆಣಸು, ಅಕ್ಕಿ, ಅಡಿಕೆ ಘಟ್ಟ ಇಳಿಯುತ್ತಿದ್ದ ದಾರಿ ಅದು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಜನ ಹೈದರನನ್ನು ಬಿಟ್ಟು ನಗರವನ್ನಷ್ಟೇ ಉಳಿಸಿಕೊಂಡರು. 1783ರಲ್ಲಿ ಕೆಲವು ತಿಂಗಳ ಮಟ್ಟಿಗೆ ಇಂಗ್ಲಿಷರ ಕೈಸೇರಿ, ಟಿಪ್ಪು ಮತ್ತೆ ಕಿತ್ತುಕೊಂಡ. ಈಗ ಹೊಸನಗರದಿಂದ ಅಲ್ಲಿಗೆ ಹೋದರೆ ರಸ್ತೆಯ ಪಕ್ಕದಲ್ಲೇ ಜಂಬಿಟ್ಟಿಗೆಯ ದಪ್ಪ ಗೋಡೆ, ಪಾಚಿ, ಜರಿಗಿಡ. ಗೋಡೆ ಹೊರಕ್ಕೆ ಉಬ್ಬಿ ದುಂಡಾಗುವ ಕಡೆಯೇ ಬುರುಜು.

ಬುರುಜು ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆಂದರೆ ಅದು ಅರಬ್ಬಿ ಎಂಬ ಅನುಮಾನವೇ ಬರುವುದಿಲ್ಲ. ಅರಬ್ಬಿಯ ಬುರ್ಜ್ ಪಾರಸಿಯ ಬೆನ್ನೇರಿ ದಖ್ಖನಿಗೆ ಬಂತು, ಕನ್ನಡದ ನಾಲಗೆ ಅದಕ್ಕೊಂದು ಉಕಾರ ಹೊಲಿದು ತನ್ನದಾಗಿಸಿಕೊಂಡಿತು. ವಿಜಯಪುರದಲ್ಲಿ 1584ರಲ್ಲಿ ಕಟ್ಟಿದ ಉಪ್ಲಿ ಬುರುಜು ಕೋಟೆಗೋಡೆಯ ಹಂಗಿಲ್ಲದೆ ಒಂಟಿಯಾಗಿ ಎದ್ದು ನಿಂತಿದೆ. ಅರಬ್ಬಿಗೆ ಈ ಪದ ಗ್ರೀಕಿನ ಪಿರ್ಗೋಸ್‌ನಿಂದ ಬಂದಿರಬೇಕೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿ ಇದೆ. ದುಬೈಯಲ್ಲಿ 2010ರ ಜನವರಿಯಲ್ಲಿ ಬಾಗಿಲು ತೆರೆದ 828 ಮೀಟರಿನ ಬುರ್ಜ್ ಖಲೀಫಾದ ಬುರ್ಜೂ ನಗರದ ಕೋಟೆಯ ಬುರುಜೂ ಒಂದೇ ಪದ. ಗಲ್ಫಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಅದರ ಮುಂದೆ ನಿಂತು ಫೋಟೊ ಕಳಿಸುತ್ತಾರೆ. ಊರಿನ ಬುರುಜಿನ ಮುಂದೆ ಫೋಟೊ ತೆಗೆಸಿಕೊಂಡವರು ಎಷ್ಟು ಮಂದಿಯೋ.

ಬುರುಜಿನ ಒಡಹುಟ್ಟಿದವು ಇನ್ನೂ ಇವೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಡೇವು. ಕೋಟೆಯ ಊರುಗಳಲ್ಲಿ ಬತೇರಿ, ಇದು ತೋಪುಗಳ ಸಾಲಿಗೆ ಇಂಗ್ಲಿಷರು ಹೇಳುವ ಬ್ಯಾಟರಿ. ಮಂಗಳೂರಿನ ಸುಲ್ತಾನ್ ಬತ್ತೇರಿ ಗೊತ್ತಿರುವುದೇ. ಮಾಳದ ಕಾವಲಿನವನ ಕೈಯಲ್ಲಿರುವ ಬ್ಯಾಟರಿಯೂ ಟಿಪ್ಪುವಿನ ಬತ್ತೇರಿಯೂ ಒಂದೇ ಪದ ಎಂದರೆ ಇಬ್ಬರೂ ನಂಬಲಿಕ್ಕಿಲ್ಲ.

ತೀರ್ಥಹಳ್ಳಿಯ ಕವಲೇದುರ್ಗ ಹತ್ತಿದವರಿಗೆ ನಾಯಕರ ಕಲ್ಪನೆಯ ಎತ್ತರ ಇನ್ನೂ ಸ್ಪಷ್ಟವಾಗುತ್ತದೆ. ಗದ್ದೆಯ ಬದುವಿನಿಂದ ಶುರುವಾಗುವ ಹಾಸುಗಲ್ಲಿನ ದಾರಿ ಒಂದಾದ ಮೇಲೊಂದು ಕೋಟೆಬಾಗಿಲು ದಾಟಿಸುತ್ತ ಮೇಲೆ ಒಯ್ಯುತ್ತದೆ. ಅವರು ಕಟ್ಟಡವನ್ನು ಎತ್ತರಿಸಲಿಲ್ಲ, ಎತ್ತರದ ಗುಡ್ಡವನ್ನೇ ಕಟ್ಟಡದ ಲೆಕ್ಕಕ್ಕೆ ಸೇರಿಸಿಕೊಂಡರು. ಕಾಡು ಕೊಟ್ಟ ಅಟ್ಟದ ಮೇಲೆ ಗೋಡೆ ಇಟ್ಟರು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನವನ್ನೂ ನೋಡಿ. ಕಲ್ಲಿನ ಕೆಲಸಕ್ಕೆ ಕೊರತೆಯಿಲ್ಲ, ಅಷ್ಟು ದೊಡ್ಡ ನಂದಿಗೆ ಅಷ್ಟು ಚೆಂದದ ಮಂಟಪ. ಆದರೆ ಹಂಪಿಯಲ್ಲಿರುವಂಥ ಮುಗಿಲೆತ್ತರದ ರಾಯಗೋಪುರ ಬಾಗಿಲಿಗಿಲ್ಲ. ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೋದರೆ ಸಮುದ್ರದಂಚಿನಲ್ಲಿ ನಮ್ಮ ಕಾಲದವರೇ ಕಟ್ಟಿದ 20 ಅಂತಸ್ತಿನ ಗೋಪುರವಿದೆ, ಮೇಲೆ ಹೋಗಲು ಲಿಫ್ಟು. ಲಿಫ್ಟಿನ ಗೋಪುರಕ್ಕೆ ಭಕ್ತರ ಸಾಲು ಯಾವತ್ತೂ ಕಡಿಮೆಯಾಗುವುದಿಲ್ಲ.

ಹೊಸನಗರ ತಾಲ್ಲೂಕಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಎತ್ತರ ಹುಂಚದ್ದು. ಸಾಂತರರ ರಾಜಧಾನಿಯಾಗಿದ್ದ ಈ ಹೊಂಬುಜದಲ್ಲಿ ಚಟ್ಟಲದೇವಿ 1077ರಲ್ಲಿ ಪಂಚಕೂಟ ಬಸದಿ ಕಟ್ಟಿಸಿದಳು. ಅದರ ಮುಂದೆ ಮಾನಸ್ತಂಭ. ಹೆಸರಿನ ಮಾನ ಎಂದರೆ ಗೌರವವಲ್ಲ, ಅಹಂಕಾರ. ತಾನು ದೊಡ್ಡವನೆಂದು ಬರುವವನು ಬಾಗಿಲಲ್ಲೇ ಕತ್ತು ಮೇಲೆತ್ತಿ ಈ ಕಂಬ ನೋಡಬೇಕು, ನೋಡುತ್ತಿದ್ದಂತೆ ಅವನ ಮಾನ ಇಳಿಯಬೇಕು ಎಂಬುದು ಜೈನರ ಎಣಿಕೆ. ಕಟ್ಟಿದವನ ದೊಡ್ಡಸ್ತಿಕೆಗೆಂದೇ ಎತ್ತರದ ಕಟ್ಟಡಗಳನ್ನು ಎಬ್ಬಿಸುವ ಲೋಕದಲ್ಲಿ, ನೋಡುವವನ ದೊಡ್ಡಸ್ತಿಕೆ ಕರಗಿಸಲೆಂದು ನಿಲ್ಲಿಸಿದ ಎತ್ತರ ಇದು. ಬೆಂಗಳೂರಿನ ಬಿಲ್ಡರುಗಳನ್ನು ಒಮ್ಮೆ ಬಸ್ಸು ಮಾಡಿ ಹುಂಚಕ್ಕೆ ಕರೆತಂದರೆ ಒಳ್ಳೆಯದು.

ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಮಳೆಗೂ ಗಾಳಿಗೂ ಜಗ್ಗದ ಒಂದು ಕಬ್ಬಿಣದ ಕಂಬವಿದೆ. ಜನ ಅದನ್ನು ದೇವಿಯ ತ್ರಿಶೂಲ ಎನ್ನುತ್ತಾರೆ, ಲೋಹತಜ್ಞರು ಬಂದು ಪರೀಕ್ಷೆ ಮಾಡಿದ್ದಾರೆ. 1,343 ಮೀಟರಿನ ಬೆಟ್ಟದ ಮೇಲೆ, ವರ್ಷದಲ್ಲಿ ನಾಲ್ಕು ತಿಂಗಳು ಮೋಡದೊಳಗೇ ಇರುವ ಜಾಗದಲ್ಲಿ, ಅಷ್ಟು ಕಬ್ಬಿಣ ಹೊತ್ತು ತಂದವರ ಭುಜ ನೆನೆದು ನಾನಂತೂ ಕೈಮುಗಿಯುತ್ತೇನೆ.

ಆಮೇಲಿನ ಕಬ್ಬಿಣದ ಎತ್ತರಗಳು ಬೇರೆ ಜಾತಿಯವು. ಜೋಗದಲ್ಲಿ 1948ರಲ್ಲಿ ವಿದ್ಯುತ್ ಹುಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದವು. ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ನೋವನ್ನೇ ಬರೆದರು. ಮನೆ ಬಿಚ್ಚಿ, ತೊಲೆ, ಪಕಾಸಿ, ಹಂಚು, ಅಟ್ಟದ ಹಲಗೆಗಳನ್ನು ಗಾಡಿಗೆ ಹೇರಿಕೊಂಡು ಜನ ಹೊರಟರು. ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ಉಳಿದವರ ತಲೆಯ ಮೇಲೆ, ಕಾಡು ಸೀಳಿ ಮಾಡಿದ ಬೋಳು ಪಟ್ಟೆಯಲ್ಲಿ, ಕಾಲು ಅಗಲಿಸಿ ನಿಂತ ಉಕ್ಕಿನ ಕಂಬಗಳು ನಾಡಿಗೆಲ್ಲ ಬೆಳಕು ಒಯ್ದವು. ಕೆಳಗಿನ ಎಷ್ಟೋ ಮನೆಗಳಲ್ಲಿ ಮತ್ತೆ ದಶಕಗಳ ಕಾಲ ಚಿಮಣಿ ಬುಡ್ಡಿಯೇ ಉರಿಯಿತು. ಆ ಉಕ್ಕಿನ ಕಂಬಗಳಿಗೆ ಊರು ತನ್ನ ಯಾವ ಹಳೆಯ ಪದವನ್ನೂ ಕೊಡಲಿಲ್ಲ. ಅಟ್ಟ ಎನ್ನಲಿಲ್ಲ, ಮಾಳ ಎನ್ನಲಿಲ್ಲ. ಕರೆಂಟಿನ ಟವರ್ ಎಂದಿತು. ಇದು ಸರಿಯೆಂದೇ ನನ್ನ ಅಭಿಪ್ರಾಯ. ಹತ್ತಲಾಗದ, ಹತ್ತಬಾರದ, ಹತ್ತಿದರೂ ಮೇಲೆ ನಮ್ಮದೇನೂ ಇಲ್ಲದ ಎತ್ತರಕ್ಕೆ ಮನೆಯ ಪದ ಯಾಕೆ ಕೊಡಬೇಕು?

ಟವರಿನ ಬೇರು ಲ್ಯಾಟಿನ್ನಿನ ತುರ್ರಿಸ್, ಅದರಾಚೆ ಗ್ರೀಕು. ಆದರೆ ಮಲೆನಾಡಿಗೆ ಬಂದ ಮೇಲೆ ಅದು ಪಡೆದ ಜನ್ಮ ಯಾವ ಯುರೋಪಿನ ನಿಘಂಟಿನಲ್ಲೂ ಸಿಗಲಾರದು. ಮೊಬೈಲು ಬಂದ ಮೇಲೆ ಟವರ್ ಎಂದರೆ ಕಬ್ಬಿಣದ ಕಟ್ಟೋಣ ಮಾತ್ರವಲ್ಲ, ಅದರಿಂದ ಹೊರಡುವ ಕಾಣದ ಅಲೆಯೂ ಹೌದು. “ನಮ್ಮನೇಲಿ ಟವರ್ ಇಲ್ಲ, ತೋಟದ ಮೇಲಿನ ಧರೆ ಹತ್ರ ಒಂದ್ ಕಡ್ಡಿ ಟವರ್ ಬರ್ತು.” “ಮಳೆ ಬಂದ್ರೆ ಟವರ್ ಹೋಗ್ತು.” ಟವರ್ ಬರುತ್ತದೆ, ಹೋಗುತ್ತದೆ, ಕಡ್ಡಿಯ ಲೆಕ್ಕದಲ್ಲಿ ಸಿಗುತ್ತದೆ, ಜಗಲಿಯ ಕಿಟಕಿಯ ಸರಳಿಗೆ ಫೋನು ನೇತುಹಾಕಿದರೆ ಅಲ್ಲಿ ನಿಲ್ಲುತ್ತದೆ. ನೂರಾರು ಅಡಿಯ ಉಕ್ಕಿನ ರಾಶಿಯನ್ನು ಆಡುಮಾತು ಹೀಗೆ ಆವಿ ಮಾಡಿ ಗಾಳಿಗೆ ಬಿಟ್ಟಿದೆ.

2020ರ ಲಾಕ್‌ಡೌನ್‌ನಲ್ಲಿ ಶಾಲೆ, ಕಾಲೇಜು ಫೋನಿನೊಳಗೆ ಸೇರಿಕೊಂಡಾಗ ಈ ಟವರ್ ಹುಡುಕಿಕೊಂಡು ಮಕ್ಕಳು ಗುಡ್ಡ ಹತ್ತಿದರು. ಟಾರ್ಪಲ್ ಕಟ್ಟಿ, ಸೋಗೆ ಹೊದೆಸಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಬೆಂಗಳೂರಿನ ಕಂಪನಿಯ ಕೆಲಸ ಹೊತ್ತುಕೊಂಡು ಊರಿಗೆ ಬಂದ ದೊಡ್ಡವರೂ ಅದೇ ಗುಡ್ಡದಲ್ಲಿ ಲ್ಯಾಪ್‌ಟಾಪ್ ತೆರೆದರು. ನಾಲ್ಕು ಕಂಬ, ಮೇಲೊಂದು ಹೊದಿಕೆ, ಒಳಗೆ ಕಂಬಳಿ ಹೊದ್ದು ಕೂತವನು. ಮುತ್ತಜ್ಜ ಹಂದಿ ಕಾದ ಮಾಳವೇ ಇದು, ಮರಿಮಗ ಈಗ ಅಟೆಂಡೆನ್ಸ್ ಕಾಯುತ್ತಿದ್ದಾನೆ. ಹಿನ್ನೀರಿನಾಚೆಯ ಊರುಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೂ ಎದ್ದಿತು. ಬೆಳಕಿಗೆ ಕಾದವರ ಮೊಮ್ಮಕ್ಕಳು ಅಲೆಗೆ ಕಾಯುವ ಸರದಿ.

ಸಾಗರ ತಾಲ್ಲೂಕಿಗೆ ತೀರಾ ಈಚೆಗೆ ಬಂದ ಎತ್ತರವೆಂದರೆ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ. 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆದುಕೊಂಡಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ನಡುಭಾಗವನ್ನು ನೀರಿನಿಂದೆದ್ದ ಕಾಂಕ್ರೀಟ್ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಕೇಬಲ್ಲುಗಳು ಹಿಡಿದು ನಿಲ್ಲಿಸಿವೆ. ಹಿನ್ನೀರು ದಾಟಲು ಲಾಂಚಿಗೆ ಕಾದು ಕಾದು ಬೇಸತ್ತವರಿಗೆ ಆ ಕಂಬಕ್ಕೆ ಎಂಜಿನಿಯರುಗಳು ಏನೆನ್ನುತ್ತಾರೆ ಎಂಬುದು ಬೇಕಿಲ್ಲ. ಅದು ಕಂಬ, ಹಗ್ಗ ಕಟ್ಟಿದ್ದಾರೆ, ಅಷ್ಟೆ. ಅಂಗಳದಲ್ಲಿ ವರ್ಷವರ್ಷವೂ ಕಂಬ ನೆಟ್ಟು ಹಗ್ಗ ಬಿಗಿಯುವವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ.

ಇಷ್ಟೆಲ್ಲದರ ನಡುವೆ ಪತ್ರಿಕೆಯವರ ಪದವೊಂದಿದೆ, ಗಗನಚುಂಬಿ. ಇಂಗ್ಲಿಷಿನ ಸ್ಕೈಸ್ಕ್ರೇಪರ್‌ಗೆ ಜೊತೆಯಾಗಿ ಓಡಾಡುತ್ತದೆ. ಆ ಸ್ಕೈಸ್ಕ್ರೇಪರ್ ಕೂಡ ಹುಟ್ಟಿದ್ದು ಕಟ್ಟಡಕ್ಕಲ್ಲ. ಹಡಗಿನ ತುತ್ತತುದಿಯ ಪುಟ್ಟ ಹಾಯಿಗೆ ನಾವಿಕರು ಇಟ್ಟ ಹೆಸರು ಅದು. 1789ರಲ್ಲಿ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆಗೂ ಅದೇ ಹೆಸರಿತ್ತು. 1880ರ ದಶಕದಲ್ಲಿ, ಶಿಕಾಗೊದಲ್ಲಿ ಉಕ್ಕಿನ ಚೌಕಟ್ಟಿನ ಕಟ್ಟಡಗಳು ಏಳತೊಡಗಿದ ಮೇಲೆ, ಪದ ಹಡಗು ಬಿಟ್ಟು ಮನೆ ಸೇರಿತು. 1885ರಲ್ಲಿ ಅಲ್ಲಿ ಮುಗಿದ ಹೋಮ್ ಇನ್ಶೂರೆನ್ಸ್ ಕಟ್ಟಡಕ್ಕೆ ಇದ್ದದ್ದು 10 ಅಂತಸ್ತು. ಕಾಳಿದಾಸ ಇವರೆಲ್ಲರಿಗಿಂತ ಬಹಳ ಮುಂಚೆ, ಮೇಘದೂತದ ಅಲಕಾಪುರಿಯ ಸೌಧಗಳನ್ನು ಅಭ್ರಂಲಿಹ ಎಂದ, ಮೋಡ ನೆಕ್ಕುವಂಥವು ಎಂದು. ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ನಿಂತಿದ್ದರೆ ಅವನು ಮಾತು ತಿರುಗಿಸಿ ಹೇಳುತ್ತಿದ್ದನೇನೋ. ಇಲ್ಲಿ ಮೋಡವೇ ಇಳಿದು ಬಂದು ಮನೆಯ ಹಂಚು, ಅಂಗಳದ ತುಳಸಿಕಟ್ಟೆ, ಬಸ್‌ಸ್ಟ್ಯಾಂಡಿನ ಬೋರ್ಡು ಎಲ್ಲವನ್ನೂ ನೆಕ್ಕುತ್ತದೆ.

ಅಡಿಕೆ ಅಟ್ಟಕ್ಕೂ ಈಗ ಕಷ್ಟದ ಕಾಲ. ಮೊದಲಾದರೆ ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಅಡಿಕೆಯನ್ನು ಬೆಳಗಿನ ಜಾವ ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ಬುಟ್ಟಿಯಲ್ಲಿ ಹೊತ್ತು ಅಟ್ಟಕ್ಕೇರಿಸುತ್ತಿದ್ದರು. ಒಣಗಿದ್ದನ್ನು ದಿನದ ಲೆಕ್ಕದಲ್ಲಿ ಹೇಳುವುದಿಲ್ಲ, ಬಿಸಿಲಿನ ಲೆಕ್ಕದಲ್ಲಿ ಹೇಳುತ್ತಾರೆ. “ನಾಲ್ಕು ಬಿಸಿಲು ಬಿದ್ದಿದ್ದು, ಇನ್ನೆರಡು ಬೇಕು.” ಸಂಜೆ ಮಂಜು ಬೀಳುವ ಮೊದಲು ನಡುವಿಗೆ ಗುಡ್ಡೆ ಹಾಕಿ ಮುಚ್ಚುವುದು, ಬೆಳಿಗ್ಗೆ ಹರವುವುದು. ಅಟ್ಟದ ಅಡಿಯ ಗೆರೆಗೆರೆ ನೆರಳಿನಲ್ಲಿ ಸುಲಿತ, ಹರಟೆ, ಮಕ್ಕಳ ಆಟ, ಸಾಲ ಕೇಳಲು ಬಂದವರ ಕಾಯುವಿಕೆ. ನೆಲಕ್ಕೇ ಹರವಬಹುದಿತ್ತಲ್ಲ? ನೆಲದ ತಂಪು ಅಡಿಕೆಯ ಬಣ್ಣ ಕೆಡಿಸುತ್ತದೆ. ಅಟ್ಟದಲ್ಲಿ ತಟ್ಟಿಯ ಸಂದಿಯಿಂದ ಅಡಿಯ ಗಾಳಿಯೂ ಆಡುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆ ಹೇಳುವ ದಲಾಲಿಗೆ ಬಣ್ಣ ನೋಡಿದರೆ ಯಾವ ಮನೆಯ ಅಟ್ಟಕ್ಕೆ ಮೋಡ ಕವಿದಿತ್ತು ಎಂದು ತಿಳಿಯುತ್ತದೆ.

ಈಗ ಡಿಸೆಂಬರಿನಲ್ಲೂ ಮಳೆ ಬೀಳುತ್ತದೆ. ಕಂಬ ನೆಟ್ಟು ಕಟ್ಟುವವರು ಸಿಗುವುದಿಲ್ಲ. ಸುಲಿಯಲು ಯಂತ್ರ ಬಂತು, ಒಣಗಿಸಲು ಪಾರದರ್ಶಕ ಹಾಳೆ ಹೊದೆಸಿದ ಸೋಲಾರ್ ಮನೆ, ಡ್ರೈಯರ್ ಬಂದವು. ಕೆಲವರು ಆರ್‌ಸಿಸಿ ಟೆರೇಸಿಗೇ ಟಾರ್ಪಲ್ ಹಾಸಿ ಹರವುತ್ತಾರೆ. ಟೆರೇಸಿನ ಮೇಲೆ ಸೋರದಂತೆ ತಗಡಿನ ಶೀಟು ಬೇರೆ. ತಗಡಿಗೂ ಕಾಂಕ್ರೀಟಿಗೂ ನಡುವೆ ಉಳಿಯುವ ಜಾಗಕ್ಕೆ ಹಳೆಯ ತಟ್ಟಿ, ದಬ್ಬೆ, ಹಂಡೆ, ಮುರಿದ ತೊಟ್ಟಿಲು ಎಲ್ಲ ಸೇರಿಕೊಳ್ಳುತ್ತವೆ. ಆ ಜಾಗಕ್ಕೆ ಮನೆಯವರು ಏನೆನ್ನುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲೂ ಹಾಗೆಯೇ. ಹೈಟ್ಸ್ ಎಂದೋ ಟವರ್ಸ್ ಎಂದೋ ಹೆಸರಿಟ್ಟುಕೊಂಡ ಅಪಾರ್ಟ್‌ಮೆಂಟುಗಳ ಹದಿನಾಲ್ಕನೆಯ ಮಹಡಿಯಲ್ಲಿ ಸಾಗರದವರೂ ತೀರ್ಥಹಳ್ಳಿಯವರೂ ಮನೆ ಮಾಡಿದ್ದಾರೆ. ಮಗನ ಮನೆಗೆ ಬಂದ ತಾಯಿಗೆ ಲಿಫ್ಟು ಅಭ್ಯಾಸವಾಗಿದೆ, ಬಾಲ್ಕನಿಯಿಂದ ಕೆಳಗೆ ನೋಡಿದರೆ ಮಾತ್ರ ಇನ್ನೂ ತಲೆ ಸುತ್ತುತ್ತದೆ. ಊರಿನಿಂದ ತಂದ ಮಾವಿನ ಮಿಡಿಯ ಭರಣಿಯನ್ನು ಅಡುಗೆಮನೆಯ ಬಾಗಿಲಿನ ಮೇಲಿನ ಎರಡಡಿಯ ಕಾಂಕ್ರೀಟ್ ಹಲಗೆಗೆ ಏರಿಸಬೇಕು. ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ ಅದು ಲಾಫ್ಟ್. “ಅಪ್ಪೀ, ಸ್ಟೂಲ್ ಹಾಕ್ಯಂಡು ಇದ್ನ ಅಟ್ಟಕ್ಕೆ ಇಡು” ಎನ್ನುತ್ತಾಳೆ ತಾಯಿ. ಮಗ ಸ್ಟೂಲು ತರುತ್ತಾನೆ.